ಲಕ್ನೋದ ಮನೆ

ವಿನಾಯಕನಿಗೆ ಲಕ್ನೋದಲ್ಲಿ ಒಂದು ಬಾಡಿಗೆ ಮನೆ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು ಕೂರುವಷ್ಟು ವರಾಂಡ, ಎದುರಿಗೆ ಬೇವಿನ ಮರ. ಮನೆಯ ಮಾಲೀಕ ರೈಲ್ವೆಯಿಂದ ನಿವೃತ್ತನಾದ ಸಭ್ಯ ಮನುಷ್ಯ. ಬಾಡಿಗೆ ವಸೂಲಿಗೆ ಬಂದರೆ ಚಹಾ ಕೂಡ ಕುಡಿಯದೆ ಹೋಗುವವನು. ಕೆಲಸದ ಜಾಗ ಸೈಕಲ್ ರಿಕ್ಷಾ ಹತ್ತಿದರೆ ಹತ್ತು ನಿಮಿಷ. ಚಿತ್ರದುರ್ಗದ ನೆಂಟರಿಷ್ಟರಿಗೆಲ್ಲ ಈ ಮನೆಯ ವಿವರ ಬಾಯಿಪಾಠವಾಗಿತ್ತು.

ಅಂಥ ಮನೆಯೊಂದು ಲಕ್ನೋದಲ್ಲಿ ಇರಲೇ ಇಲ್ಲ. ವಿನಾಯಕ, ಅವನ ಹೆಂಡತಿ ಕೃಷ್ಣವೇಣಿ, ಏಳು ವರ್ಷದ ಮಗಳು ನೇಹಾ, ಮೂವರೂ ಮೊದಲಿನಂತೆಯೇ ವಾರಾಣಸಿಯ ಭೇಲೂಪುರದ ಗಲ್ಲಿಯಲ್ಲಿದ್ದರು. ಅವನು ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ ವಿಶ್ವವಿದ್ಯಾಲಯಕ್ಕೆ ಹೋಗಿ ಹುಡುಗರಿಗೆ ಮಣ್ಣಿನ ಗುಣ ಪಾಠ ಮಾಡಿ ಬರುತ್ತಿದ್ದ.

ಈ ಸುಳ್ಳು ಹುಟ್ಟಿ ಎರಡು ವರ್ಷದ ಮೇಲಾಗಿತ್ತು. ಹುಟ್ಟಿದ್ದಕ್ಕೆ ಕಾರಣ ಇಲ್ಲದಿರಲಿಲ್ಲ. ಕಾಶಿಯಲ್ಲಿ ಸಂಸಾರ ಹೂಡಿದ ಕನ್ನಡಿಗನ ಪಾಡು ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಊರಿಂದ ಬರುವವರು ನೆಂಟರೇ ಆಗಿರಬೇಕೆಂದಿಲ್ಲ, ನೆಂಟರ ಮಹಡಿಯಲ್ಲಿ ಬಾಡಿಗೆಗಿದ್ದವರ ಭಾವಮೈದುನನಾದರೂ ಸಾಕು. "ನಮ್ಮ ವಿನಾಯಕ ಅಲ್ಲೇ ಇದಾನಲ್ಲ, ನೀವ್ಯಾಕೆ ಛತ್ರ ಹುಡುಕ್ತೀರಿ?" ಎಂದು ಅಲ್ಲಿ ಯಾರೋ ಧಾರಾಳವಾಗಿ ಹೇಳಿಬಿಡುವರು, ಇಲ್ಲಿ ಕೃಷ್ಣವೇಣಿ ತನ್ನ ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಹೋಗುವಳು. ಬಂದವರ ಒದ್ದೆ ಪಂಚೆ ಕಿಟಕಿಯ ಸರಳಿಗೆಲ್ಲ ತೂಗಾಡುವುದು. ಕಾಶಿಗೆ ಬಂದವರು ಇಷ್ಟದ ಒಂದು ತರಕಾರಿಯನ್ನೋ ಹಣ್ಣನ್ನೋ ಇನ್ನು ತಿನ್ನುವುದಿಲ್ಲವೆಂದು ಗಂಗೆಯಲ್ಲಿ ಬಿಡುವ ಪದ್ಧತಿ ಇದೆಯಲ್ಲ, ಅದನ್ನು ಬೆಳಿಗ್ಗೆ ಮುಗಿಸಿಕೊಂಡು ಬಂದು, ಮಧ್ಯಾಹ್ನ ಎಲೆಯ ಮುಂದೆ ಕೂತ ಮೇಲೆ, "ಅಯ್ಯೋ ಬದನೆಕಾಯಿ ಹುಳಿನಾ? ಈಗಷ್ಟೇ ಬದನೆಕಾಯಿ ಬಿಟ್ಟು ಬಂದ್ವಲ್ಲಮ್ಮ!" ಅನ್ನುವರು. ಕೃಷ್ಣವೇಣಿ ಎದ್ದು ಇನ್ನೊಂದು ಹುಳಿಗೆ ಬೇಳೆ ಇಡುವಳು.

ಆ ವರ್ಷದ ಕಾರ್ತಿಕದಲ್ಲಿ ಅವಳು ಟೈಫಾಯಿಡ್ ಬಿಟ್ಟು ಎದ್ದು ಒಂದು ವಾರ ಆಗಿರಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತವಳ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಫೋನು. ಯಾರೋ ಗುರುತಿಲ್ಲದ ದನಿ, ಬಹಳ ಖುಷಿಯಲ್ಲಿತ್ತು: "ನಾವು ಎರಡು ಸಂಸಾರ, ಜೊತೆಗೆ ನಮ್ಮ ಬೀಗರು. ಭಾನುವಾರ ಇಳೀತೀವಿ. ಸ್ಟೇಷನ್ನಿಗೆ ಬಂದ್ಬಿಡಿ." ವಿನಾಯಕ ಹೆಂಡತಿಯ ಕೈ ನೋಡಿದ. ಬಾಯಿಂದ ತಾನಾಗಿ ಬಂತು: "ಛೇ, ನಾವೀಗ ಲಕ್ನೋದಲ್ಲಿದ್ದೀವಲ್ಲ ಸಾರ್. ಡೆಪ್ಯುಟೇಷನ್ ಮೇಲೆ ಹಾಕಿದಾರೆ. ಉಳಿದ ಸಾಮಾನಿಗೆ ಅಂತ ಇವತ್ತು ಬಂದಿದ್ದೆ, ಅಷ್ಟೆ."

ಆಮೇಲೆ ಎಲ್ಲವೂ ಸಲೀಸಾಯಿತು. ಮನೆಯ ಫೋನು ತೆಗೆಸಿ ಮೊಬೈಲು ಕೊಂಡದ್ದಾಯಿತು; ಅದು ಎಲ್ಲಿ ರಿಂಗಾಗುತ್ತಿದೆ ಎಂದು ಕೇಳುವವರಿಗೆ ತಿಳಿಯುವುದಿಲ್ಲವಲ್ಲ. ನೇಹಾಳಿಗೆ ಒಂದೇ ಪಾಠ: ಫೋನಿನಲ್ಲಿ ಕನ್ನಡ ಕೇಳಿಸಿದರೆ ಬಾಯಿ ಬಿಡಬಾರದು, ಅಮ್ಮನ ಕೈಗೆ ಕೊಡಬೇಕು. ಮೊದಲೇ ಹಿಂದಿಯಲ್ಲೇ ಆಡಿ ಬೆಳೆಯುತ್ತಿದ್ದ ಮಗು, ಇದ್ದ ನಾಲ್ಕು ಕನ್ನಡ ಮಾತನ್ನೂ ನುಂಗಿಕೊಂಡು ಕೂರುವುದನ್ನು ಕಲಿಯಿತು.

ಮೊದಮೊದಲು ಭಯದಿಂದ ಹೇಳುತ್ತಿದ್ದ ವಿನಾಯಕನಿಗೆ ಬರಬರುತ್ತ ರುಚಿ ಹತ್ತಿತು. ಪರೀಕ್ಷೆ ನಡೆಸಿಕೊಡಲು ಲಕ್ನೋಗೆ ಒಂದೆರಡು ಬಾರಿ ಹೋಗಿದ್ದ, ಊರು ಹಿಡಿಸಿತ್ತು. "ರಾಜಧಾನಿ ಅಂದ್ರೆ ದಿಲ್ಲಿ ಥರ ಅಲ್ಲ. ಅಲ್ಲಿ ಸಂಬಳ ತಿಂಗಳ ಕೊನೇ ತನಕ ಜೊತೇಲಿರುತ್ತೆ. ಆಫೀಸು ಬಿಟ್ಟ ಮೇಲೆ ಹಜರತ್‌ಗಂಜ್ ಪೇಟೇಲಿ ಒಂದು ಸುತ್ತು ಹಾಕಿ ಮನೆಗೆ ಬಂದ್ರೂ ಇನ್ನೂ ಹಗಲಿರುತ್ತೆ. ಜನ ಬೈಯೋದಾದ್ರೂ ಮರ್ಯಾದೆ ಕೊಟ್ಟೇ ಬೈತಾರೆ!" ಪಕ್ಕದಲ್ಲಿ ನಿಂತ ಕೃಷ್ಣವೇಣಿ ಪಿಸುಗುಟ್ಟುವಳು: "ಬಟ್ಟೆ ಒಗೆಯೋ ಕಲ್ಲು ಹಿತ್ತಲಲ್ಲಿದೆ ಅಂತ ಹೇಳಿ. ಬಿಸಿಲು ಬೀಳೋ ಕಡೆ." ಗಲ್ಲಿಯ ಮನೆಯಲ್ಲಿ ಅವಳಿಗೆ ಬಿಸಿಲು ಅನ್ನುವುದೇ ಅಪರೂಪ. ಹೀಗೆ ಇಬ್ಬರೂ ಸೇರಿ ಆ ಮನೆಯನ್ನು ಕಟ್ಟಿದರು.

ಮಾಘ ಮಾಸದ ಒಂದು ಸಂಜೆ ಅಂಬುಜಾಕ್ಷಿಯ ಫೋನು ಬಂತು. ವಿನಾಯಕನ ಸೋದರತ್ತೆ. ಅವನು ಅವಳನ್ನು ಅಂಬತ್ತೆ ಅನ್ನುವುದು. ತಾಯಿ ಸತ್ತ ಹುಡುಗನನ್ನು ದುರ್ಗದ ವಠಾರಕ್ಕೆ ಕರೆತಂದು, ಪ್ರೈಮರಿ ಶಾಲೆಯ ಟೀಚರ್ ಕೆಲಸದ ಸಂಬಳದಲ್ಲೇ ಓದಿಸಿ, ಅವನು ರಾತ್ರಿ ದೀಪ ಹಾಕಿಕೊಂಡು ಓದಲೆಂದು ತಾನು ಒಲೆಯ ಪಕ್ಕ ಮಲಗುತ್ತಿದ್ದವಳು.

"ವಿನೂ, ಎಲ್ಲಿಂದ ಮಾತಾಡ್ತಿದೀನಿ ಹೇಳು ನೋಡೋಣ!"

"ದುರ್ಗದಿಂದ."

"ಅಲ್ಲ ಕಣೋ, ಕಾಶಿಯಿಂದ! ನಮ್ಮೂರ ಗುರುಪಾದಯ್ಯ ಮೇಷ್ಟ್ರು ಗುಂಪು ಕಟ್ಟಿಕೊಂಡು ಬಂದಿದಾರೆ. ಕನ್ನಡದವರ ಮಠ ಇದೆಯಲ್ಲ, ಅದರ ಛತ್ರದಲ್ಲಿದೀವಿ."

ವಿನಾಯಕ ಎದ್ದು ಬೀದಿ ಬಾಗಿಲು ಮುಚ್ಚಿದ. "ಮೊದಲೇ ಹೇಳಬಾರದಿತ್ತೇ ಅತ್ತೆ?"

"ಹೇಳಿದ್ರೆ ನೀನು ಓಡಿ ಬರ್ತೀಯ. ನೀನು ಇಲ್ಲಿದ್ದಾಗ ಬರೋಕೆ ನಂಗೆ ಮನಸ್ಸೇ ಬರಲಿಲ್ಲ ನೋಡು. ನೀನು ರಜಾ ಹಾಕ್ತೀಯ, ಪಾಪ ಆ ಹುಡುಗಿ ಹಾಸಿಗೆ ಬಿಟ್ಟುಕೊಡ್ತಾಳೆ. ಬಂದೋರೆಲ್ಲ ನಿಮ್ಮನೇಲೇ ಇಳಿಯೋದು ಕೇಳಿ ಕೇಳಿ ನಂಗೇ ಸಂಕಟ ಆಗೋದು. ಈಗ ನೀವು ಲಕ್ನೋ ಸೇರಿದ ಮೇಲೆ ಧೈರ್ಯ ಬಂತು. ಇನ್ನು ಯಾರಿಗೂ ತೊಂದ್ರೆ ಇಲ್ವಲ್ಲ."

ಅವಳೇ ಮುಂದುವರಿಸಿದಳು: "ನಾಳೆ ಬೆಳಿಗ್ಗೆ ಒಂದು ರಿಕ್ಷಾ ಮಾಡ್ಕೊಂಡು ನೀವಿದ್ದ ಮನೆ ನೋಡ್ಕೊಂಡು ಬರ್ತೀನಿ. ಒಳಗೇನೂ ಹೋಗಲ್ಲಪ್ಪ, ಹೊರಗೆ ನಿಂತು ನೋಡ್ತೀನಿ ಅಷ್ಟೆ. ವರ್ಷಗಟ್ಟಲೆ ಕವರಿನ ಮೇಲೆ ಬರೆದಿದೀನಲ್ಲ, ಅಡ್ರೆಸ್ಸು ಬಾಯಲ್ಲೇ ಇದೆ."

ಫೋನು ಇಟ್ಟು ವಿನಾಯಕ ಹೆಂಡತಿಗೆ ಎಲ್ಲ ಹೇಳಿದ. ಕೊನೆಗೆ ಕೃಷ್ಣವೇಣಿ, "ಉಳಿದವರಿಗೆ ಸುಳ್ಳು ಹೇಳಿದ್ದಕ್ಕೆ ನಂಗೇನೂ ಅನ್ಸಿಲ್ಲ ರೀ. ಇವರಿಗೆ ಹೇಳಿದ್ದೀವಿ ಅನ್ನೋದೇ ನಂಗೆ ಮರೆತುಹೋಗಿತ್ತು" ಅಂದಳು. "ಹೋಗಿ ನಿಜ ಹೇಳಿ ಕರ್ಕೊಂಡು ಬನ್ನಿ."

"ಮೇಷ್ಟ್ರು ಜೊತೇಲಿದಾರೆ. ಅವರಿಗೆ ಗೊತ್ತಾದ್ರೆ ನಾಡಿದ್ದು ದುರ್ಗಕ್ಕೆಲ್ಲ ಗೊತ್ತು. ಎರಡು ವರ್ಷದಿಂದ ಎಷ್ಟು ಜನಕ್ಕೆ ಹೇಳಿದೀವಿ, ಅವರೆಲ್ಲ ಏನಂದ್ಕೋತಾರೆ?"

"ಮತ್ತೆ?"

"ನಾನು ರಾತ್ರಿ ರೈಲಿಗೆ ಲಕ್ನೋದಿಂದ ಬಂದ ಹಾಗೆ ಬೆಳಿಗ್ಗೆ ಮಠಕ್ಕೆ ಹೋಗ್ತೀನಿ. ಅಲ್ಲಿ ಇಲ್ಲಿ ತಿರುಗಿಸ್ತೀನಿ. ಹಟ ಹಿಡಿದು ಇಲ್ಲಿಗೇ ಬಂದ್ರೂ ಬೀಗ ನೋಡಿ ವಾಪಸ್ ಹೋಗ್ತಾರೆ. ನೇಹಾ ಹೇಗೂ ಸ್ಕೂಲಲ್ಲಿರ್ತಾಳೆ. ನೀನು ಅಷ್ಟು ಹೊತ್ತು ಎಲ್ಲಾದ್ರೂ..."

"ನನ್ನ ಮನೆ ಬಿಟ್ಟು ನಾನೆಲ್ಲಿಗೂ ಹೋಗಲ್ಲ. ಬೀಗ ಹಾಕ್ಕೊಂಡು ಹೋಗಿ. ಒಳಗೇ ಇರ್ತೀನಿ."

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ವಿನಾಯಕ ಹೆಂಡತಿಯನ್ನು ಒಳಗಿಟ್ಟು ಬೀಗ ಜಡಿದು, ಖಾಲಿ ಸೂಟ್‌ಕೇಸು ಹಿಡಿದು, ಗೋದೌಲಿಯಾ ಪೇಟೆಯಲ್ಲಿ ಲಕ್ನೋದ ಹೆಸರಿದ್ದ ಎಳ್ಳಿನ ರೇವಡಿ ಮಿಠಾಯಿಯ ಪೊಟ್ಟಣವೊಂದನ್ನು ಕೊಂಡು, ಮಠದ ಬಾಗಿಲಿಗೆ ಬಂದ. ಗುರುಪಾದಯ್ಯ ಮೇಷ್ಟ್ರು ಕೋತಿ ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುತ್ತಿದ್ದರು.

"ಓಹೋಹೋ! ಏನ್ರೀ ಲಕ್ನೋ ಸಾಹೇಬ್ರು! ಅತ್ತೆ ಅಂದ್ರೆ ಇಷ್ಟು ಪ್ರಾಣವಾ? ಮಂಜಲ್ಲಿ ರೈಲು ಬಂತಾ?"

"ಸ್ವಲ್ಪ ತಡ ಆಯ್ತು ಮೇಷ್ಟ್ರೇ."

"ಕೂತ್ಕೊಳ್ರೀ ಒಂದ್ನಿಮಿಷ. ನಮ್ಮ ತಮ್ಮನ ಮಗನ್ನ ಬ್ಯಾಂಕಿನವರು ಲಕ್ನೋಗೆ ಹಾಕೋ ಮಾತಿದೆ. ಜೀವನಕ್ಕೆ ಹೆಂಗೆ ಅಲ್ಲಿ?"

"ಕಣ್ಣು ಮುಚ್ಚಿಕೊಂಡು ಕಳಿಸಿ," ಅಂದ ವಿನಾಯಕ. ಮಾತು ತಾನಾಗಿ ಉರುಳತೊಡಗಿತು: ಬಾಡಿಗೆ ಕೈಗೆಟಕುವುದು, ತರಕಾರಿ ಹೊಸದಾಗಿ ಸಿಗುವುದು, ಬೆಳಿಗ್ಗೆ ಜನ ಪಾರ್ಕಿನಲ್ಲಿ ನಡೆದಾಡುವುದು. ಹೇಳುತ್ತ ಹೇಳುತ್ತ ಅವನಿಗೆ ಆ ವರಾಂಡದ ಬೆತ್ತದ ಕುರ್ಚಿ ಕಣ್ಣಿಗೆ ಕಟ್ಟಿತು, ಒಂದು ಗಳಿಗೆ ನಿಜಕ್ಕೂ ಅಲ್ಲಿಗೆ ವಾಪಸ್ಸು ಹೋಗಬೇಕೆನಿಸಿತು. ತಲೆ ಎತ್ತಿದರೆ ಅತ್ತೆ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಾಳೆ. ಸ್ವೆಟರಿನ ಮೇಲೊಂದು ಸ್ವೆಟರು, ಕಿವಿಯಲ್ಲಿ ಹತ್ತಿ. ಇಷ್ಟು ಸಣ್ಣಗಿದ್ದಳೇ ಇವಳು?

"ಬರಬೇಡ ಅಂದ್ರೂ ಬಂದ್ಯಲ್ಲೋ," ಎಂದು ಅವಳು ಅವನ ಕೆನ್ನೆ ಸವರಿದಳು. "ನೋಡಿ ಮೇಷ್ಟ್ರೇ, ರಾತ್ರಿಯೆಲ್ಲ ರೈಲಲ್ಲಿ ಬಂದವನು ಎಷ್ಟು ನೀಟಾಗಿದಾನೆ. ಈಗ ತಾನೇ ಸ್ನಾನ ಮಾಡಿದ ಹಾಗೆ ಸೋಪಿನ ವಾಸನೆ!"

ವಿನಾಯಕ ಮಾತು ತಿರುಗಿಸಿದ. ಸಾರನಾಥ ತೋರಿಸುತ್ತೇನೆ ಅಂದ; ಅವಳು ಬೇಡವೆಂದಳು. ದೋಣಿಯಲ್ಲಿ ಹೋಗೋಣ ಅಂದ. ಮಂಜಲ್ಲಿ ಏನು ಕಾಣುತ್ತೆ ಅಂದಳು. "ಬುದ್ಧನ್ನ ಗುಂಪಿನ ಜೊತೆ ನೋಡ್ತೀನಿ. ನಿಮ್ಮ ಮನೆ ತೋರಿಸೋಕೆ ನೀನೇ ಬೇಕಲ್ಲ."

ರಿಕ್ಷಾ ಭೇಲೂಪುರದ ಗಲ್ಲಿಯ ಬಾಯಿಗೆ ಬಂದು ನಿಂತಿತು. ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವ ರಾಮ್‌ಜತನ್ ಕೆಂಡದ ಪೆಟ್ಟಿಗೆ ಬದಿಗಿಟ್ಟು ಗಟ್ಟಿಯಾಗಿ ಕೂಗಿದ: "ಕಾ ಹೋ ಡಾಕ್ಟರ್ ಸಾಹಬ್! ಆಜ್ ಪೈದಲ್? ಸ್ಕೂಟರ್ ಕಹಾಂ ಬಾ?" ಇವತ್ತೇಕೆ ನಡಿಗೆ, ಸ್ಕೂಟರ್ ಎಲ್ಲಿ ಎಂದು ಅವನ ಪ್ರಶ್ನೆ.

"ಏನಂತೋ?"

"ಹಳೇ ಪರಿಚಯ ಅತ್ತೆ. ಹೇಗಿದೀರಿ ಅಂತ ಕೇಳ್ತಿದಾನೆ."

ರಾಮ್‌ಜತನ್ ಅಷ್ಟಕ್ಕೆ ಬಿಡುವವನಲ್ಲ. ಗಾಡಿಯ ಕೆಳಗಿಂದ ಒಂದು ಗಂಟು ತೆಗೆದು ಅತ್ತೆಯ ಕೈಗೇ ಕೊಟ್ಟ. ವಿನಾಯಕನ ಎರಡು ಅಂಗಿ, ಕೃಷ್ಣವೇಣಿಯ ಒಂದು ನೀಲಿ ಸೀರೆ, ನೇಹಾಳ ಸ್ಕೂಲಿನ ಲಂಗ.

"ಇದು... ನಾವು ಹೋಗುವಾಗ ಮರೆತು ಬಿಟ್ಟಿದ್ವಿ," ಎಂದ ವಿನಾಯಕ. ಹೇಳುವಾಗ ತನ್ನ ಕಿವಿಗೇ ತನ್ನ ದನಿ ಯಾರದೋ ಅನ್ನಿಸಿತು.

"ಎರಡು ವರ್ಷದಿಂದ ಇಟ್ಟುಕೊಂಡಿದಾನಾ? ಎಂಥಾ ನಿಯತ್ತಿನ ಮನುಷ್ಯನೋ!" ಎಂದು ಅವಳು ಬಟ್ಟೆಯನ್ನು ಎದೆಗೆ ಅವುಚಿಕೊಂಡಳು. ನಾಲ್ಕು ಹೆಜ್ಜೆ ನಡೆದ ಮೇಲೆ, ಅವನ ಕಡೆ ನೋಡದೆ, ಮೆಲ್ಲಗೆ ಅಂದಳು: "ಇನ್ನೂ ಬೆಚ್ಚಗಿದೆ ಕಣೋ."

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೇಳದೆ ಮಂಜಿನಲ್ಲಿ ಅವನ ಪಕ್ಕದಲ್ಲಿ ನಡೆಯುತ್ತ ಬಂದಳಲ್ಲ, ಅದಕ್ಕೇ ವಿನಾಯಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮನೆ ಬಂತು. ಹಸಿರು ಬಾಗಿಲು, ಅದಕ್ಕೊಂದು ದೊಡ್ಡ ಬೀಗ. ಅತ್ತೆ ನಿಂತು ನೋಡಿದಳು. ಗೋಡೆ ನೋಡಿದಳು, ಕಿಟಕಿ ನೋಡಿದಳು. "ಇದೇ ಏನೋ," ಅಂದಳು. "ಯಾರೂ ಇಲ್ಲವೇನೋ ಪಾಪ, ಬೀಗ ಹಾಕಿದಾರೆ. ನಡಿ, ನೋಡಿದ್ದಾಯ್ತು."

ತಿರುಗಿದವಳು ಹೆಜ್ಜೆ ಎತ್ತಲಿಲ್ಲ. ಗೋಡೆಗೆ ಕೈ ಕೊಟ್ಟಳು. "ವಿನೂ... ಇಲ್ಲಿ ಹತ್ತಿರದಲ್ಲಿ ಹೆಂಗಸರು ಹೋಗೋ ಅಂಥ ಜಾಗ ಏನಾದ್ರೂ ಇದೆಯಾ? ಸಕ್ಕರೆ ಕಾಯಿಲೆ ನೋಡು, ಚಹಾ ಕುಡಿದ್ರೆ ತಡೆಯೋಕಾಗಲ್ಲ."

"ಚೌಕದಲ್ಲಿದೆ ಅತ್ತೆ. ಐದು ನಿಮಿಷ."

"ಐದು ನಿಮಿಷವಾ," ಅಂದಳು ಅವಳು. ನಡೆಯಲು ನೋಡಿದಳು. ಎರಡು ಹೆಜ್ಜೆಗೆ ಕಾಲು ಕೂಡಿಸಿ ನಿಂತುಬಿಟ್ಟಳು. ಇಸ್ತ್ರಿ ಬಟ್ಟೆಯ ಗಂಟನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿ, ಗಲ್ಲಿಯಲ್ಲಿ ಹೋಗುವ ಜನರಿಗೆ ಬೆನ್ನು ಮಾಡಿ, ಅರವತ್ತೆಂಟರ ಆ ಹೆಂಗಸು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅಷ್ಟಾದರೂ ಬಾಗಿಲು ತೆಗೆ ಅನ್ನಲಿಲ್ಲ. ಅವಳಿಗೆ ಗೊತ್ತಿತ್ತು, ಗೊತ್ತಿದೆ ಅನ್ನುವುದು ಅವನಿಗೂ ಗೊತ್ತಿತ್ತು. ಆದರೂ ಅವನ ಮಾನ ಉಳಿಸಲು ಅವಳು ತನ್ನ ಮಾನವನ್ನು ಬೀದಿಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ವಿನಾಯಕ ಜೇಬಿಗೆ ಕೈ ಹಾಕಿದ. ಕೀಲಿಕೈ ತೆಗೆದು ಬೀಗ ತಿರುಗಿಸಿದ. "ಬನ್ನಿ ಅತ್ತೆ. ಎಡಗಡೆ."

ಒಳಗೆ ಕೃಷ್ಣವೇಣಿ ನಡುಮನೆಯಲ್ಲೇ ನಿಂತಿದ್ದಳು, ಕೈಯಲ್ಲಿ ತೊಳೆದ ತಂಬಿಗೆ. ಗೋಡೆಯಾಚೆಯ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಅತ್ತೆಯ ಕೈಯಿಂದ ಬಟ್ಟೆ ತೆಗೆದುಕೊಂಡು, ಬಚ್ಚಲ ಬಾಗಿಲು ತೆರೆದು, ದೀಪ ಹಾಕಿದಳು. ಅತ್ತೆ ಹೊರಗೆ ಬರುವ ತನಕ ಗಂಡ ಹೆಂಡತಿ ಅಪರಿಚಿತರ ಮನೆಗೆ ಬಂದವರಂತೆ ನಿಂತೇ ಇದ್ದರು.

ಅವಳು ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಸುತ್ತ ನೋಡಿದಳು. ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರು, ಗೂಡಿನಲ್ಲಿ ಅವಳೇ ಕಳಿಸಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ. ಜಾಡಿ ಅರ್ಧ ಆಗಿತ್ತು. ಅದನ್ನವಳು ಲಕ್ನೋಗೆ ಹೋಗುವವರು ಯಾರಾದರೂ ಸಿಗಲಿ ಎಂದು ತಿಂಗಳುಗಟ್ಟಲೆ ಕಾದು, ಯಾರೂ ಸಿಗದೆ, ಕೊನೆಗೆ ವಿನಾಯಕ ಕೊಟ್ಟ ಅವನ ಸ್ನೇಹಿತರ ಕಾಶಿಯ ವಿಳಾಸಕ್ಕೆ ಕಳಿಸಿದ್ದಳು.

"ಅತ್ತೆ," ಅಂದ ವಿನಾಯಕ.

"ಏನೂ ಹೇಳಬೇಡ." ಅವಳು ಕೃಷ್ಣವೇಣಿಯ ಗಲ್ಲ ಹಿಡಿದು ನೋಡಿದಳು. "ಎಷ್ಟು ಇಳಿದುಹೋಗಿದೀಯೇ ಹುಡುಗಿ. ಸಾಕಾಗಿತ್ತೇನೇ?"

ಕೃಷ್ಣವೇಣಿ ಅದುವರೆಗೆ ಅತ್ತಿರಲಿಲ್ಲ. ಈಗ ಅತ್ತಳು. "ನಿಮ್ಮನ್ನಲ್ಲ ಅತ್ತೆ. ನಿಮ್ಮನ್ನ ಬೇಡ ಅಂದಿದ್ದಲ್ಲ."

"ಗೊತ್ತು ಕಣೇ. ಬಂದೋರ ಪೈಕಿ ನಾನೂ ಒಬ್ಬಳಾಗಬಾರದು ಅಂತಲೇ ತಾನೇ ನಾನೂ ಇಷ್ಟು ವರ್ಷ ಬರದೇ ಇದ್ದದ್ದು?"

ಅನ್ನ, ತಿಳಿಸಾರು ಇತ್ತು. ಉಂಡಳು. ಇಲ್ಲೇ ಇರಿ ಅಂತ ಇಬ್ಬರೂ ಗೋಗರೆದರು. ಅವಳು ಒಪ್ಪಲಿಲ್ಲ. "ನಾನಿಲ್ಲಿ ಉಳಿದ್ರೆ ಮೇಷ್ಟ್ರು ಕೇಳ್ತಾರೆ. ಅವರ ಬಾಯಿ ನಿಂಗೊತ್ತಲ್ಲ. ಬೀಗ ಹಾಕಿತ್ತು ಅಂತೀನಿ ವಿನೂ. ನಾನು ಊರಲ್ಲಿ ಹೇಳ್ತೀನಿ, ಲಕ್ನೋದಲ್ಲಿ ಎಲ್ಲ ಚೆನ್ನಾಗಿದಾರೆ ಅಂತ." ಇಷ್ಟು ಹೇಳಿ, ಹೊಸ್ತಿಲು ದಾಟುವಾಗ ಒಂದು ಮಾತು ಸೇರಿಸಿದಳು: "ಆ ಲಕ್ನೋ ಮನೆ ಚೆನ್ನಾಗಿತ್ತಪ್ಪ. ಮಧ್ಯಾಹ್ನ ಹೊತ್ತು ನಾನು ಎಷ್ಟೋ ಸಲ ಅಲ್ಲಿ ಹೋಗಿ ಕೂತು ಬರ್ತಿದ್ದೆ."

ಮಠದ ಬಾಗಿಲಲ್ಲಿ ಮೇಷ್ಟ್ರ ಗುಂಪು ಗಂಗೆಯ ತಂಬಿಗೆಗಳ ಬಾಯಿಗೆ ಬೆಸುಗೆ ಹಾಕಿಸಿಕೊಂಡು ಬಂದು, ಯಾವುದು ಯಾರದ್ದೆಂದು ಜಗಳವಾಡುತ್ತ ನಿಂತಿತ್ತು. "ಏನಮ್ಮ, ಅಳಿಯ ಇದ್ದ ಮನೆ ನೋಡಿದ್ರಾ?" ಎಂದರು ಮೇಷ್ಟ್ರು.

"ನೋಡಿದೆ. ಬೀಗ ಹಾಕಿತ್ತು," ಅಂದಳು ಅಂಬುಜಾಕ್ಷಿ.

"ಅಷ್ಟಕ್ಕೆ ಇಷ್ಟು ಹೊತ್ತಾ?"

"ಅದು... ರಿಕ್ಷಾದವನು ದಾರಿ ತಪ್ಪಿಸಿಬಿಟ್ಟ. ಆಮೇಲೆ ಇವನಿಗೆ ಸಂಜೆ ರೈಲಿಗೆ ಟಿಕೀಟು... ಲಕ್ನೋಗೆ..." ಅವಳು ತೊದಲಿದಳು. ಕುತ್ತಿಗೆ ಕೆಂಪಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಪಾಠ ಒಪ್ಪಿಸಲು ಬಾರದ ಮಗುವಿನ ಹಾಗೆ ಸೆರಗಿನ ತುದಿ ಸುತ್ತುತ್ತಿದ್ದಳು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ವಿನಾಯಕನಿಗೋ ಅದು ನೀರು ಕುಡಿದಷ್ಟು ಸುಲಭ. ಆ ಎರಡನ್ನೂ ಒಂದೇ ಸಲ ಕಂಡು ಅವನಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ನಾವು ಲಕ್ನೋಗೆ ಹೋಗಿಯೇ ಇಲ್ಲ. ಭೇಲೂಪುರದಲ್ಲೇ ಇದೀವಿ. ಬರೋರು ಜಾಸ್ತಿ ಆದ್ರು ಅಂತ ಸುಳ್ಳು ಹೇಳಿದ್ದೆ. ನಿಮ್ಮ ತಮ್ಮನ ಮಗನಿಗೂ ಬೇರೆ ಯಾರನ್ನಾದ್ರೂ ವಿಚಾರಿಸೋಕೆ ಹೇಳಿ."

ತಂಬಿಗೆಯ ಜಗಳ ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಮುಖದಲ್ಲಿ ಸಿಟ್ಟು, ಆಮೇಲೆ ಬೇಸರ, ಆಮೇಲೆ ಅದೆಲ್ಲಿಂದಲೋ ನಗು.

"ಅಲ್ರೀ, ಬೆಳಿಗ್ಗೆ ಪಾರ್ಕಲ್ಲಿ ಜನ ಓಡಾಡೋದು ಎಲ್ಲ ಹೇಳಿದ್ರಲ್ರೀ! ಭಲೇ ಆಸಾಮಿ ನೀವು. ಆಯ್ತು, ತಪ್ಪಿಗೆ ದಂಡ ಅಂತ ಒಂದಿರಬೇಕಲ್ಲ. ಈ ಗೋಧಿರೊಟ್ಟಿ ತಿಂದು ತಿಂದು ನಾಲಿಗೆ ಸತ್ತುಹೋಗಿದೆ. ನಾಳೆ ಎಲ್ಲರಿಗೂ ನಿಮ್ಮನೇಲೇ ಊಟ! ಏನ್ರಪ್ಪಾ?"

ಗುಂಪೆಲ್ಲ ಹೋ ಎಂದಿತು. ವಿನಾಯಕನೂ ನಕ್ಕ. ಎದೆ ಹಗುರಾಗಿತ್ತು. "ಖಂಡಿತ ಬನ್ನಿ, ಖಂಡಿತ," ಅಂದುಬಿಟ್ಟ.

ಅತ್ತೆ ನಗಲಿಲ್ಲ. ಅವನ ತೋಳು ಹಿಡಿದು ಪಕ್ಕಕ್ಕೆಳೆದಳು. "ಏನೋ ಮಾಡ್ದೆ ನೀನು? ನಿನ್ನ ಮನಸ್ಸು ಹಗುರ ಆಯ್ತು, ಸರಿ. ಅಡುಗೆ ಮಾಡೋಳನ್ನ ಒಂದು ಮಾತು ಕೇಳಿದ್ಯಾ?"

ಅವನ ನಗು ಅಲ್ಲೇ ಇಂಗಿತು.

ಮನೆಗೆ ವಾಪಸ್ಸು ನಡೆದೇ ಬಂದ. ಖಾಲಿ ಸೂಟ್‌ಕೇಸು ಕಾಲಿಗೆ ಬಡಿಯುತ್ತಿತ್ತು. ಮೊದಲ ಸುಳ್ಳು ಹೇಳಿದ್ದು ಅವಳ ನಡುಗುವ ಕೈ ನೋಡಿ. ಈಗ ನಿಜ ಹೇಳುವಾಗ ಆ ಕೈ ನೆನಪಿಗೇ ಬಂದಿರಲಿಲ್ಲ. ಕೃಷ್ಣವೇಣಿ ಇಸ್ತ್ರಿಯಾದ ಬಟ್ಟೆ ಬೀರುವಿಗೆ ಇಡುತ್ತಿದ್ದಳು. ಸ್ಕೂಲಿಂದ ಬಂದ ನೇಹಾ ಮಧ್ಯಾಹ್ನ ಅತ್ತೆ ಇಟ್ಟುಹೋಗಿದ್ದ ರೇವಡಿಯ ಪೊಟ್ಟಣ ಬಿಚ್ಚಿಕೊಂಡು ಕೂತಿತ್ತು. ಅವನು ನಡೆದದ್ದನ್ನೆಲ್ಲ ಹೇಳಿದ. ನಾಳೆಯ ಊಟದ ಮಾತಿಗೆ ಬಂದಾಗ ಮಾತ್ರ ಅರ್ಧಕ್ಕೆ ಬಿಟ್ಟು ಸೂಟ್‌ಕೇಸು ಮೂಲೆಗಿಡಲು ತಿರುಗಿದ. ಅವಳಿಗೆ ಅಷ್ಟು ಸಾಕಾಯಿತು.

"ಎಷ್ಟು ಜನ?"

"ಅತ್ತೆ ಸೇರಿ ಹದಿನಾಲ್ಕು."

ಅವಳು ಬೀರುವಿನ ಬಾಗಿಲು ಹಾಕಿದಳು. ಆಮೇಲೆ ಮಂಚದ ಕೆಳಗಿಂದ ಈಳಿಗೆಮಣೆ ಎಳೆದು ಅವನ ಕಾಲ ಬುಡದಲ್ಲಿಟ್ಟಳು.

"ನಾಳೆ ನಾನು ಅಡುಗೆಮನೆ ಒಳಗೆ ಕಾಲಿಡಲ್ಲ. ಬಂದೋರ ಜೊತೆ ನಡುಮನೇಲಿ ಕೂತು ಮಾತಾಡ್ತೀನಿ. ಅಡುಗೆ ನೀವು ಮಾಡ್ತೀರಿ."

"ನಂಗೆ ಹುಳಿ ಮಾಡೋಕೆ ಬರಲ್ಲ ಕೃಷ್ಣಾ."

"ಅದನ್ನೂ ಅವರಿಗೇ ಹೇಳಿ," ಅಂದಳು ಕೃಷ್ಣವೇಣಿ.

ವಿನಾಯಕ ಅಂಗಿಯ ತೋಳು ಮಡಚಿಕೊಂಡು, ತರಕಾರಿ ಚೀಲ ಹುಡುಕುತ್ತ ಅಡುಗೆಮನೆಗೆ ಹೋದ. ಚೀಲ ಎಲ್ಲಿರುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಗಿ, ಒಂದೊಂದೇ ಡಬ್ಬಿಯನ್ನು ಸರಿಸುತ್ತ ಹುಡುಕತೊಡಗಿದ.